ಆಹಾರದ ಅಲರ್ಜಿ ಇರುವ ಮಗು ಶಾಲೆಯಲ್ಲಿದ್ದರೆ

ಮಗುವಿಗೆ ಯಾವ ಪದಾರ್ಥ ಒಗ್ಗುವುದಿಲ್ಲ, ಹಿಂದೆ ತಿಂದಾಗ ಏನಾಗಿತ್ತು, ಯಾವ ಔಷಧಿಯನ್ನು ಎಷ್ಟು ಕೊಡಬೇಕು ಎಂಬುದನ್ನು ಪೋಷಕರು ವೈದ್ಯರಿಂದ ಒಂದೇ ಹಾಳೆಯಲ್ಲಿ ಬರೆಸಿ, ಮಗುವಿನ ಭಾವಚಿತ್ರ ಅಂಟಿಸಿ, ಶಾಲೆ ಆರಂಭವಾಗುವ ಮೊದಲೇ ಕೊಡಬೇಕು. ಆ ಹಾಳೆ ಕಚೇರಿಯ ಬೀರುವಿನಲ್ಲಿ ಉಳಿಯದೆ ಶಿಕ್ಷಕರು, ಆಯಾ, ಅಡುಗೆಯವರು, ಶಾಲಾ ವಾಹನದವರು ಎಲ್ಲರ ಕೈಗೂ ತಲುಪಬೇಕು. ‘ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ’ ಎಂಬ ಮಾತನ್ನು ಅಲ್ಲಿಯೇ ತಡೆಯಬೇಕು.

ಬೆಂಗಳೂರಿನ ಶಾಲೆಗಳಲ್ಲಿ ಹೆಚ್ಚು ಎಚ್ಚರ ಬೇಕಾಗಿರುವುದು ಮಕ್ಕಳು ಹಂಚಿ ತಿನ್ನುವ ಹೊತ್ತಿನಲ್ಲಿ. ಚಿತ್ರಾನ್ನದ ಕಡಲೆಕಾಯಿ ಬೀಜ ಕಣ್ಣಿಗೆ ಕಾಣುತ್ತದೆ. ಎಣ್ಣೆಗಾಯಿಯ ಮಸಾಲೆಯಲ್ಲಿ, ಚಟ್ನಿಯಲ್ಲಿ ಅರೆದುಹೋದದ್ದು ಕಾಣುವುದಿಲ್ಲ. ಹುಟ್ಟುಹಬ್ಬದ ಚಾಕೊಲೇಟು, ಸಂಕ್ರಾಂತಿಯ ಎಳ್ಳು-ಬೆಲ್ಲ, ಕಾರ್ತಿಕದಲ್ಲಿ ಬಸವನಗುಡಿಯ ಪರಿಷೆ ಮುಗಿದ ಮರುದಿನ ಜೇಬು ತುಂಬಿ ಬರುವ ಕಡಲೆಕಾಯಿ, ಇವೆಲ್ಲ ಮೊದಲೇ ಗೊತ್ತಿರುವ ದಿನಗಳಾದ್ದರಿಂದ ಹಿಂದಿನ ವಾರವೇ ಮನೆಗಳಿಗೆ ಸೂಚನೆ ಕಳುಹಿಸಬಹುದು. ಪೊಟ್ಟಣದ ತಿಂಡಿಗಳಲ್ಲಿ ಕಡಲೆಕಾಯಿ, ಹಾಲು, ಮೊಟ್ಟೆ, ಸೋಯಾ ಮುಂತಾದವು ಇದ್ದರೆ ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂಬ ನಿಯಮವಿದೆ. ಆದರೆ ಎಳ್ಳು ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಪದಾರ್ಥಗಳ ವಿವರವನ್ನು ಪೂರ್ತಿ ಓದಬೇಕು. ಊಟದ ನಂತರ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ. ಸ್ಯಾನಿಟೈಸರ್ ಕಡಲೆಕಾಯಿಯ ಅಂಶವನ್ನು ತೆಗೆಯುವುದಿಲ್ಲ. ಮಗುವನ್ನು ಮೂಲೆಯಲ್ಲಿ ಒಂಟಿಯಾಗಿ ಕೂರಿಸುವುದು ಮಾತ್ರ ಬೇಡ.

ಇಷ್ಟಾದರೂ ತುಟಿ ಊದಿಕೊಂಡು, ದನಿ ಒಡೆದು, ಉಬ್ಬಸ ಬಂದರೆ, ಅಥವಾ ಮೇಲಿಂದ ಮೇಲೆ ವಾಂತಿಯಾಗಿ ಮಗು ತಲೆಸುತ್ತಿ ಕುಸಿದರೆ, ಮೈಮೇಲೆ ದದ್ದು ಏಳಲಿಲ್ಲವೆಂದು ಕಾಯಬಾರದು. ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಚುಚ್ಚುಮದ್ದನ್ನು ತೊಡೆಯ ಹೊರಭಾಗದ ಮಧ್ಯಕ್ಕೆ ಕೂಡಲೇ ಕೊಟ್ಟು, 108ಕ್ಕೆ ಕರೆ ಮಾಡಬೇಕು. ಅಲರ್ಜಿಯ ಸಿರಪ್ಪು ಇದಕ್ಕೆ ಬದಲಿಯಲ್ಲ. ಮಗುವನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿಡಬೇಕು, ಉಸಿರಾಟ ಕಷ್ಟವಾದರೆ ಕೂರಿಸಬೇಕು. ನಡೆಸಿಕೊಂಡು ಹೋಗಬಾರದು, ಸ್ಕೂಟರಿನಲ್ಲಿ ಕೂರಿಸಿಕೊಂಡು ಸಂಚಾರ ದಟ್ಟಣೆಗೆ ಇಳಿಯಲೇಬಾರದು. ಐದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಎರಡನೆಯ ಚುಚ್ಚುಮದ್ದು ಬೇಕಾಗುತ್ತದೆ. ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸಬಹುದಾದ್ದರಿಂದ, ಸುಧಾರಿಸಿದ ಮಗುವನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಡ್ರಿನಲಿನ್ ಮೊದಲೇ ತುಂಬಿರುವ, ತೊಡೆಗೆ ಒತ್ತಿದರೆ ತಾನಾಗಿಯೇ ಚುಚ್ಚುವ ಪೆನ್ನಿನಂಥ ಸಾಧನಗಳು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಸಿರಿಂಜಿನಲ್ಲಿ ಮದ್ದು ಎಳೆದು ಕೊಡುವುದನ್ನು ಕನಿಷ್ಠ ಇಬ್ಬರು ಸಿಬ್ಬಂದಿ ವೈದ್ಯರಿಂದಲೇ ಕಲಿತಿರಬೇಕು. ಔಷಧಿಯನ್ನು ಬಿಸಿಲು ತಾಗದ, ಬೀಗ ಹಾಕದ ಜಾಗದಲ್ಲಿ ಇಟ್ಟು, ಅದರ ಅವಧಿ ಮುಗಿಯುವ ದಿನಾಂಕವನ್ನು ತಿಂಗಳಿಗೊಮ್ಮೆ ನೋಡುವ ಹೊಣೆಯನ್ನು ಒಬ್ಬರಿಗೆ ಹೆಸರಿಸಿ ವಹಿಸಬೇಕು.