ವಾಚ್ ಚೈನಿನ ಪಿನ್ ಬಿದ್ದೋದ್ರೆ ಸರಿಯಾದ ಸೈಜು ಹುಡುಕೋದು ಹೇಗೆ

ನಮ್ಮಪ್ಪನ ಹಳೇ ಎಚ್‌ಎಂಟಿ ವಾಚಿನ ಸ್ಟೀಲ್ ಚೈನು ಒಂದಿನ ಕೈಯಿಂದ ಜಾರಿ ಬಿತ್ತು, ನೋಡಿದ್ರೆ ಒಂದು ಪಿನ್ನೇ ಇಲ್ಲ. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದೊಂದು ಹಾಕಿ ಕೊಟ್ರು, ನಾಲ್ಕೇ ದಿನಕ್ಕೆ ಅದೂ ಹೋಯ್ತು, ಯಾಕಂದ್ರೆ ಉದ್ದ ಸರಿಯಿತ್ತು, ದಪ್ಪ ಕಮ್ಮಿ ಇತ್ತು. ದಪ್ಪ ನೋಡೋದನ್ನೇ ಎಲ್ರೂ ಮರೀತಾರೆ.

ಮೊದ್ಲು ಯಾವ ಪಿನ್ ಹೋಗಿದೆ ಅಂತ ನೋಡ್ಕೊಳ್ಳಿ. ಚೈನು ವಾಚಿಗೆ ಸೇರೋ ಜಾಗದಲ್ಲಿ ಇರೋದು ಸ್ಪ್ರಿಂಗ್ ಪಿನ್, ಎರಡೂ ತುದಿ ಒತ್ತಿದ್ರೆ ಒಳಗೆ ಹೋಗತ್ತೆ. ಇದನ್ನ 18, 20, 22 ಎಂಎಂ ಅಂತ ಮಾರೋದು ವಾಚಿನ ಎರಡು ಕಿವಿಗಳ (ಚೈನು ಸಿಕ್ಕಿಸೋಕೆ ವಾಚಿಂದ ಆಚೆ ಚಾಚಿರೋ ತುದಿಗಳು) ನಡುವಿನ ಗ್ಯಾಪ್ ಲೆಕ್ಕದಲ್ಲಿ, ಪಿನ್ನನ್ನ ತುದಿಯಿಂದ ತುದಿಗೆ ಅಳೆದ್ರೆ ಅದಕ್ಕಿಂತ ಜಾಸ್ತಿನೇ ಬರತ್ತೆ, ಹಾಗಾಗಿ ಗ್ಯಾಪನ್ನೇ ಅಳೀರಿ. ದಪ್ಪ ಸಾಮಾನ್ಯವಾಗಿ 1.5 ಎಂಎಂ, 1.8 ಕೂಡ ಇರತ್ತೆ.

ಚೈನಿನ ಕೊಂಡಿಗಳ ನಡುವೆ ಇರೋದು ಬೇರೆ, ಸಣ್ಣ ಕಡ್ಡಿ ಥರ, ಒಂದು ತುದಿ ಸೀಳಿರತ್ತೆ. ತಲೆನೋವು ಇದರದ್ದೇ. ಚೈನು ಬಕಲ್ ಕಡೆಗೆ ಹೋಗ್ತಾ ಕಿರಿದಾಗತ್ತೆ, ಅದಕ್ಕೇ ಒಂದೇ ಚೈನಲ್ಲಿ ಎರಡು ಮೂರು ಉದ್ದದ ಪಿನ್ ಇರಬಹುದು, ಹೋಗಿರೋ ಜಾಗದ ಕೊಂಡಿಯ ಅಗಲನೇ ಅಳೆದು ಅದರಲ್ಲಿ ಅರ್ಧ ಎಂಎಂ ಕಳೀರಿ, ತುದಿ ಆಚೆ ಬಂದ್ರೆ ಅಂಗಿ ತೋಳಿಗೆ ಸಿಕ್ಕಾಕ್ಕೊಳತ್ತೆ. ದಪ್ಪಕ್ಕೆ ಪಕ್ಕದ ಕೊಂಡಿಯಿಂದ ಒಂದು ಒಳ್ಳೇ ಪಿನ್ ತೆಗೆದು ಡಿಜಿಟಲ್ ವರ್ನಿಯರ್‌ನಲ್ಲಿ (ಎಂಎಂಗಿಂತ ಸಣ್ಣ ಅಳತೆನೂ ತೋರಿಸೋ ಉಪಕರಣ) ಅಳೀರಿ, 0.8, 0.9, 1.0 ಇವೆಲ್ಲ ಕಣ್ಣಿಗೆ ಒಂದೇ ಥರ ಕಾಣತ್ತೆ, ಸ್ಕೂಲ್ ಸ್ಕೇಲಲ್ಲಿ ಆಗಲ್ಲ. ವರ್ನಿಯರ್ ಇಲ್ಲಾಂದ್ರೆ ಆ ಪಿನ್ನನ್ನೇ ಅಂಗಡಿಗೆ ತಗೊಂಡೋಗಿ ಪಕ್ಕದಲ್ಲಿಟ್ಟು ಹೋಲಿಸಿ. ಬಗ್ಗಿರೋ ಪಿನ್ನಿಂದ ಉದ್ದ ಅಳೀಬೇಡಿ. ಸರಿಯಾದ ಸೈಜು ಸಿಗದೇ ಇದ್ರೆ ಒಂಚೂರು ಉದ್ದದ್ದೇ ತಗೊಳ್ಳಿ, ಅರದಲ್ಲಿ ಉಜ್ಜಿ ಕಮ್ಮಿ ಮಾಡಬಹುದು, ಗಿಡ್ಡದ್ದನ್ನ ಏನೂ ಮಾಡೋಕಾಗಲ್ಲ. ಸ್ಟೇನ್‌ಲೆಸ್ ಸ್ಟೀಲೇ ಕೇಳಿ, ಬೆವರಿಗೆ ಬೇರೆದು ತುಕ್ಕು ಹಿಡಿಯತ್ತೆ.

ಸೀಕೋ, ಸಿಟಿಜನ್ ಕೆಲವು ಚೈನುಗಳಲ್ಲಿ ಪಿನ್ ಜೊತೆ ಒಂದು ಪುಟಾಣಿ ಕೊಳವೆ ಇರತ್ತೆ, ಪಿನ್ ತೆಗೆದಾಗ ಅದು ಉದುರಿ ಹೋಗತ್ತೆ, ಅದಿಲ್ದೆ ಎಷ್ಟೇ ಸರಿಯಾದ ಪಿನ್ ಹಾಕಿದ್ರೂ ನಿಲ್ಲಲ್ಲ. ಕೆಳಗೆ ಬಿಳಿ ಬಟ್ಟೆ ಹಾಸ್ಕೊಂಡೇ ಕೆಲಸ ಮಾಡಿ ದಯವಿಟ್ಟು.

ಕೊಂಡಿಯ ಒಳಮೈಯಲ್ಲಿ ಬಾಣದ ಗುರುತು ಇರತ್ತಲ್ಲ, ಪಿನ್ ಹೊರಗೆ ತಳ್ಳೋದು ಆ ಕಡೆಗೆ, ಹಾಕೋದು ಅದರ ಎದುರು ದಿಕ್ಕಿಂದ, ಸೀಳಿರೋ ತುದಿ ಕೊನೇಲಿ ಒಳಗೆ ಹೋಗ್ಬೇಕು. ಮುಕ್ಕಾಲು ಭಾಗ ಕೈಯಲ್ಲೇ ಹೋಗಿ ಕೊನೇ ಎರಡು ಮೂರು ಎಂಎಂಗೆ ಮೆತ್ತಗೆ ತಟ್ಟಬೇಕಾಗಿ ಬಂದ್ರೆ ದಪ್ಪ ಸರಿಯಿದೆ ಅಂತ. ಪೂರ್ತಿ ಸಲೀಸಾಗಿ ಜಾರಿದ್ರೆ ತೆಳ್ಳಗಾಯ್ತು, ಶುರುವಿಂದಾನೇ ಸುತ್ತಿಗೆ ಬೇಕಂದ್ರೆ ನಿಲ್ಸಿ, ಕೊಂಡಿನೇ ಹಾಳಾಗತ್ತೆ. ಅಪ್ಪನ ವಾಚಿಗೆ ಕೊನೆಗೆ ಕೂತಿದ್ದು 1.0ದು, ಅಂಗಡಿಯವರು ಹಾಕಿದ್ದು 0.8 ಆಗಿತ್ತು.