ಹೊಳೆ ನಡುವಿನ ಗಡ್ಡಿಗೆ ಹೋಗುವ ಮೊದಲು ನೀರು ನೋಡಿ

ಹೋದ ವರ್ಷ ಆನೆಗೊಂದಿಯಲ್ಲಿ, ತುಂಗಭದ್ರೆಯ ಚಿಂತಾಮಣಿ ದಂಡೆಯಲ್ಲಿ ಕೂತಿದ್ದೆ. ಬೆಳಿಗ್ಗೆ ಎಂಟರ ಸುಮಾರು. ಐದಾರು ಹುಡುಗರು ಪ್ಯಾಂಟು ಮಡಚಿಕೊಂಡು, ನಗುತ್ತಾ ಹೊಳೆ ಹಾಯ್ದು ನಡುವಿನ ಉಸುಕಿನ ದಿಣ್ಣೆಗೆ ಹೋದರು. ಹನ್ನೊಂದಕ್ಕೆ ವಾಪಸ್ ಹೊರಟರೆ ಅದೇ ಜಾಗದಲ್ಲಿ ನೀರು ಸೊಂಟ ದಾಟಿತ್ತು. ಮಳೆಯೂ ಇಲ್ಲ, ಮೋಡವೂ ಇಲ್ಲ. ಕೊನೆಗೆ ಹರಿಗೋಲು ಕರೆಸಿ ಅವರನ್ನು ಈ ಕಡೆ ತರಬೇಕಾಯಿತು. ಇಂಥದ್ದನ್ನು ಮತ್ತೆ ಮತ್ತೆ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ರಾಯಚೂರು, ಕೊಪ್ಪಳದ ಕಡೆ ಸಮುದ್ರ ಇಲ್ಲ. ಆದರೆ ತುಂಗಭದ್ರೆ, ಕೃಷ್ಣೆ ಇಬ್ಬರೂ ಇದ್ದಾರೆ. ಇಬ್ಬರ ಮಡಿಲಲ್ಲೂ ಗಡ್ಡಿಗಳಿವೆ, ಅಂದರೆ ನಡುಗಡ್ಡೆಗಳು; ಬೇಸಿಗೆಗೆ ಮೇಲೇಳುವ ಉಸುಕಿನ ದಿಣ್ಣೆಗಳಿವೆ.

ಮೊದಲು ಜಾಗ ಆರಿಸಿಕೊಳ್ಳಿ. ಹೊಸಬರಾದರೆ ಆನೆಗೊಂದಿಯೇ ಸರಿ. ಅಲ್ಲಿಂದ ದೋಣಿ ಹತ್ತಿದರೆ ನವಬೃಂದಾವನದ ಗಡ್ಡಿ. ವ್ಯಾಸರಾಯರೂ ಸೇರಿ ಒಂಬತ್ತು ಯತಿಗಳ ಬೃಂದಾವನ ಇರುವ ಜಾಗ, ಅಲ್ಲಿ ಮೌನವಾಗಿರಿ. ರಾಯಚೂರಿನವರಿಗೆ ಕೃಷ್ಣೆಯ ಕುರುವಪುರ ಇದೆ, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಲಿಂಗಸುಗೂರು ಕಡೆಯವರು ಜಲದುರ್ಗಕ್ಕೆ ಹೋಗಿ. ಕೋಟೆ ಮೇಲೆ ನಿಂತು ಕೆಳಗೆ ಹೊಳೆ ನೋಡಿದರೆ ಸಾಕು, ಇಳಿಯುವುದೇ ಬೇಡ ಅನ್ನಿಸುತ್ತದೆ.

ಕಾಲ: ಡಿಸೆಂಬರ್‌ನಿಂದ ಫೆಬ್ರುವರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊಳೆಗೆ ಇಳಿಯಲೇಬೇಡಿ. 2019ರ ಆಗಸ್ಟ್‌ನಲ್ಲಿ ಹಂಪಿ ಎದುರಿನ ವಿರೂಪಾಪುರ ಗಡ್ಡಿಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರ್ ತರಿಸಿ ಎತ್ತಬೇಕಾಗಿ ಬಂದದ್ದು ನೆನಪಿದೆ ಅಲ್ವಾ?

ಸಾಮಾನು ಕಡಿಮೆ ಇರಲಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಹಳೇ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿ ಖಂಡಿತ ಬೇಡ, ಪಾಚಿ ಬಂಡೆ ಮೇಲೆ ಜಾರುತ್ತದೆ, ಸೆಳವಿನಲ್ಲಿ ಕಾಲಿಂದ ಕಿತ್ತು ಹೋಗುತ್ತದೆ. ಎದೆಮಟ್ಟದ ಬಿದಿರ ಕೋಲು ಒಂದು ಬೇಕೇ ಬೇಕು. ಅಂಗಡಿಯಲ್ಲಿ ಸಿಗುವ ಮಡಚುವ ಟ್ರೆಕ್ಕಿಂಗ್ ಕೋಲು ಉಸುಕಿನಲ್ಲಿ ಹೂತುಕೊಳ್ಳುತ್ತದೆ, ಅದಕ್ಕೆ ದುಡ್ಡು ಹಾಕಬೇಡಿ. ರಸ್ತೆ ಬದಿಯ ಅಗ್ಗದ ಲೈಫ್ ಜಾಕೆಟ್ ಇನ್ನೂ ಕೆಟ್ಟದ್ದು. ಒಳಗಿನ ಸ್ಪಂಜು ನೀರು ಕುಡಿದು ಭಾರವಾಗುತ್ತದೆ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನೀರು ತಲೆಗೆ ಎರಡು ಲೀಟರ್.

ಈಗ ಎಲ್ಲರೂ ತಪ್ಪುವ ಜಾಗಕ್ಕೆ ಬರೋಣ.

ನಮ್ಮ ಹೊಳೆ ಮಳೆ ನೋಡಿ ಮಾತ್ರ ಏರುವುದಿಲ್ಲ. ಮೇಲೆ ಡ್ಯಾಂ ಇದೆ. ತುಂಗಭದ್ರೆಗೆ ಮುನಿರಾಬಾದಿನ ಪಕ್ಕದ ಜಲಾಶಯ, ಅದಕ್ಕೆ 33 ಗೇಟು. ಕೃಷ್ಣೆಗೆ ನಾರಾಯಣಪುರದ ಬಸವಸಾಗರ. ಅಲ್ಲಿ ನೀರು ಬಿಟ್ಟರೆ ಕೆಲವು ಗಂಟೆಗಳಲ್ಲಿ ಅದು ನಿಮ್ಮ ಕಾಲ ಬುಡಕ್ಕೆ ಬರುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಹತ್ತು ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎರಡು ಮುಕ್ಕಾಲು ಲಕ್ಷ ಲೀಟರ್‌ಗೂ ಜಾಸ್ತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನುಗ್ಗಿತ್ತು. ಹಿಂದಿನ ದಿನವೇ ಪತ್ರಿಕೆಯಲ್ಲಿ ಜಲಾಶಯದ ಹೊರಹರಿವು ನೋಡಿಕೊಳ್ಳಿ.

ಆಮೇಲೆ ದಂಡೆಯಲ್ಲಿ ಅಂಬಿಗರನ್ನು ಕೇಳಿ. "ತಾತಾ, ಇವತ್ತು ಹೊಳಿ ಹೆಂಗೈತ್ರಿ?" ಅಂದರೆ ಸಾಕು. ಒಮ್ಮೆ ಹೀಗೆ ಕೇಳಿದಾಗ, "ನಿನ್ನಿಗಿಂತ ಒಂದ್ ಗೇಣು ಏರೈತಿ, ಇವತ್ತು ಇಳೀಬ್ಯಾಡಪ್ಪ" ಅಂದರು. ನನ್ನ ಕಣ್ಣಿಗೆ ಏನೂ ಬದಲಾದಂತೆ ಕಂಡಿರಲಿಲ್ಲ. ಆದರೂ ವಾಪಸ್ ಬಂದೆ. ಮಧ್ಯಾಹ್ನದ ಹೊತ್ತಿಗೆ ನಾನು ಇಳಿಯಬೇಕೆಂದಿದ್ದ ಬಂಡೆಯೇ ಮುಳುಗಿತ್ತು.

ಬೇಡ ಅನ್ನದಿದ್ದರೂ ತಕ್ಷಣ ಇಳಿಯಬೇಡಿ. ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ. ಇಪ್ಪತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಕಡ್ಡಿ ನೀರೊಳಗೆ ಹೋದರೆ ಅವತ್ತಿನ ಕೆಲಸ ಮುಗಿಯಿತು. ಕಡ್ಡಿ ಜೊತೆಗೆ ಇನ್ನೂ ಮೂರು ಗುರುತು ನೋಡಿ: ತಿಳಿ ನೀರು ರಾಡಿಯಾಗುವುದು, ನೊರೆ ಮತ್ತು ಒಣ ಕಸ ಒಟ್ಟೊಟ್ಟಿಗೆ ತೇಲಿ ಬರುವುದು, ಹೊಳೆಯ ಸದ್ದು ದಪ್ಪವಾಗುವುದು. ಒಂದು ಕಂಡರೂ ದಂಡೆ ಮೇಲೆ ಏರಿ.

ಹಾಯಲು ಅಗಲವಾದ ಜಾಗ ಹುಡುಕಿ. ಕಿರಿದಾದ ಜಾಗ ಸುಲಭ ಅನ್ನಿಸುತ್ತದೆ, ಆದರೆ ಅಲ್ಲೇ ಆಳ, ಅಲ್ಲೇ ಸೆಳವು. ನೀರು ಸಣ್ಣಗೆ ಗಲಗಲ ಅನ್ನುತ್ತಾ, ತಳದ ಕಲ್ಲು ಕಾಣುತ್ತಾ ಹರಿಯುವ ಕಡೆ ಹೋಗಿ. ಕಪ್ಪಗೆ, ನುಣ್ಣಗೆ, ಸದ್ದಿಲ್ಲದೆ ನಿಂತಂತೆ ಕಂಡರೆ ಅದು ಮಡು. ಹೊಳೆ ತಿರುಗುವ ಕಡೆ ಒಳಮಗ್ಗುಲಲ್ಲಿ ಉಸುಕು ಕೂರುತ್ತದೆ, ಹೊರಮಗ್ಗುಲನ್ನು ನೀರು ಕೊರೆಯುತ್ತದೆ. ದೊಡ್ಡ ಬಂಡೆಗಳ ಬುಡದಲ್ಲೂ ಗುಂಡಿ ಇರುತ್ತದೆ.

ಕೋಲನ್ನು ನೀರು ಬರುವ ಕಡೆಗೆ ಊರಿ. ಮುಖವೂ ಆ ಕಡೆಗೇ ಇರಲಿ. ಕಾಲು ಎತ್ತಿ ಇಡಬೇಡಿ, ಎಳೆದುಕೊಂಡು ಅಡ್ಡಡ್ಡ ಸರಿಯಿರಿ. ಕೋಲು ಒಮ್ಮೆಲೇ ಆಳಕ್ಕೆ ಹೋದರೆ ಮುಂದಿನ ಹೆಜ್ಜೆ ಇಲ್ಲ. ಉಸುಕು ತೆಗೆದ ಗುಂಡಿಗಳು ನಮ್ಮ ಹೊಳೆಯಲ್ಲಿ ಬಹಳ. ಮೇಲಿಂದ ಕಾಣುವುದಿಲ್ಲ, ಅಂಚು ಕಾಲಿಟ್ಟರೆ ಕುಸಿಯುತ್ತದೆ. ಬ್ಯಾಗಿನ ಬೆಲ್ಟು ಬಿಚ್ಚಿ ಒಂದೇ ಹೆಗಲಿಗೆ ಹಾಕಿ, ಬಿದ್ದರೆ ಬಿಟ್ಟುಬಿಡಬಹುದು. ನೀರು ಮೊಣಕಾಲು ದಾಟಿತೋ, ತಿರುಗಿ. ಈಜು ಬರುತ್ತದೆ ಅನ್ನುವವರಿಗೂ ಇದೇ ಮಾತು. ಬಂಡೆಗಳ ಸಂದಿಯ ಸೆಳವಿನಲ್ಲಿ ಕೆರೆಯ ಈಜು ನಡೆಯುವುದಿಲ್ಲ.

ಒದ್ದೆ ಉಸುಕು ಕಾಲಡಿ ಅಲ್ಲಾಡಿದರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಕಾಲು ಹೂತರೆ ಜಗ್ಗಾಡಬೇಡಿ. ಕೋಲನ್ನು ಅಡ್ಡ ಹಾಕಿ, ಮೈಯನ್ನು ಹಿಂದಕ್ಕೆ ಒರಗಿಸಿ, ಕಾಲನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಒಂದೊಂದಾಗಿ ಬಿಡಿಸಿಕೊಳ್ಳಿ.

ಹರಿಗೋಲಿನಲ್ಲಿ ಹೋಗುವವರಿಗೆ ಒಂದೇ ಮಾತು: ನಡುವೆ ಕಾಲಿಡಿ, ಕೆಳಗೆ ಕೂರಿ, ಸೆಲ್ಫಿಗೆ ಏಳಬೇಡಿ.

ದಿಣ್ಣೆ ಮುಟ್ಟಿದ ಕೂಡಲೇ ಅಲ್ಲೂ ಒಂದು ಕಡ್ಡಿ ನೆಡಿ. ಹಾಯ್ದು ಬಂದ ಜಾಗಕ್ಕೆ ಕೆಂಪು ಬಟ್ಟೆ ಕಟ್ಟಿ, ವಾಪಸ್ ಹೋಗುವಾಗ ಎಲ್ಲ ದಂಡೆಯೂ ಒಂದೇ ಥರ ಕಾಣುತ್ತದೆ. ಗಂಟೆಗೊಮ್ಮೆ ಕಡ್ಡಿ ನೋಡಿ. ಬೆಳಿಗ್ಗೆ ಹತ್ತೂವರೆಗೆ ವಾಪಸ್ ಹೊರಡಿ.

ಇಷ್ಟಾದ ಮೇಲೆ ನೋಡಲು ಬೇಕಾದಷ್ಟಿದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಬೆಳಗಿನ ಹೊತ್ತು ಉಸುಕಿನ ಮೇಲೆ ಐದು ಬೆರಳಿನ, ನಡುವೆ ಪೊರೆ ಇರುವ ಹೆಜ್ಜೆ ಕಂಡರೆ ಅದು ನೀರುನಾಯಿಯದು. ಬಂಡೆ ಮೇಲಿನ ಹಿಕ್ಕೆಯಲ್ಲಿ ಮೀನಿನ ಹೊಳೆಯುವ ಹುರುಪೆ ಇರುತ್ತದೆ. ನನಗೆ ಈ ಹೆಜ್ಜೆ ಕಂಡ ದಿನ ಹಬ್ಬ. ಆದರೆ ಹೊಟ್ಟೆ ಎಳೆದ ಅಗಲ ಗೆರೆ, ಎರಡೂ ಬದಿ ಉಗುರಿನ ಗುರುತು ಕಂಡರೆ ಅದು ಮೊಸಳೆ. ಆ ಅಂಚಿನಲ್ಲಿ ಕೂರಬೇಡಿ, ಕೈ ಕೂಡ ತೊಳೆಯಬೇಡಿ.

ಮಾರ್ಚ್ ಮೇಲೆ ಹೋದರೆ ಇನ್ನೂ ಒಂದು ಎಚ್ಚರ ಬೇಕು. ರಿವರ್ ಟರ್ನ್ ಹಕ್ಕಿಗಳು ಗೂಡು ಕಟ್ಟುವುದಿಲ್ಲ, ಬರೀ ಉಸುಕಿನ ಮೇಲೆ ಮೊಟ್ಟೆ ಇಡುತ್ತವೆ. ಮೊಟ್ಟೆಗೂ ಉಸುಕಿನದೇ ಬಣ್ಣ, ಮಾರು ದೂರದಿಂದಲೂ ಕಾಣುವುದಿಲ್ಲ. ಹಳದಿ ಕೊಕ್ಕಿನ ಹಕ್ಕಿ ಕಿರುಚುತ್ತಾ ನಿಮ್ಮ ತಲೆ ಮೇಲೆ ಎರಗಿದರೆ ಮೊಟ್ಟೆ ಹತ್ತಿರದಲ್ಲೇ ಇದೆ. ಫೋಟೋಗೆ ಹುಡುಕಬೇಡಿ. ಬಿಸಿಲಿಗೆ ತಾಯಿ ಸ್ವಲ್ಪ ಹೊತ್ತು ದೂರ ಇದ್ದರೂ ಮೊಟ್ಟೆ ಬೆಂದುಹೋಗುತ್ತದೆ. ನಿಂತಲ್ಲೇ ತಿರುಗಿ, ನಿಮ್ಮದೇ ಹೆಜ್ಜೆ ಗುರುತಿನ ಮೇಲೆ ಕಾಲಿಡುತ್ತಾ ಹಿಂದಕ್ಕೆ ಬನ್ನಿ.