ಮಸಾರಿ ನೆಲದಲ್ಲಿ ಇರುವೆಯ ದಾರಿ ಗುರುತು ಮಾಡಿದ ಬಗೆ

ಇರುವೆ ಅಂದ ತಕ್ಷಣ ನಮಗೆ ನೆನಪಾಗುವುದು ಸಾಲು. ಆದರೆ ಟುನೀಷಿಯಾದ ಉಪ್ಪುನೆಲದಲ್ಲಿರುವ ಕ್ಯಾಟಗ್ಲಿಫಿಸ್ ಎಂಬ ಮರುಭೂಮಿ ಇರುವೆ ಒಂಟಿಯಾಗಿ ಹೊರಡುತ್ತದೆ. ಕಾದ ನೆಲದ ಮೇಲೆ ಸತ್ತ ಹುಳ ಹುಡುಕುತ್ತಾ ಅಡ್ಡಾದಿಡ್ಡಿ ಅಲೆಯುತ್ತದೆ. ಸಿಕ್ಕ ಕೂಡಲೇ ಬಂದ ದಾರಿ ಹಿಡಿಯದೆ ನೆಟ್ಟಗೆ ಗೂಡಿಗೆ ಓಡುತ್ತದೆ. ನಮ್ಮಲ್ಲಿ ಒಂಟಿಯಾಗಿ ತಿರುಗುವ ಕಪ್ಪು ಇರುವೆಗಳೂ ಹೀಗೇ ಮಾಡುತ್ತವಾ? ನಾನು ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಅವರನ್ನೇ ಜೊತೆಗೆ ಕರೆದುಕೊಂಡು ನೋಡಿದೆ.

ನೆಲ ಆರಿಸುವುದೇ ಅರ್ಧ ಕೆಲಸ. ಎರಿ ಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ, ಇರುವೆ ಬಿರುಕಿಗೆ ಇಳಿದರೆ ಕಥೆ ಮುಗಿಯಿತು. ಶಾಲೆಯ ಬಯಲು ಗಟ್ಟಿ ಕೆಂಪು ಮಸಾರಿ, ಹುಲ್ಲಿಲ್ಲ. ಅದಕ್ಕೇ ಅಲ್ಲಿ ಶುರು ಮಾಡಿದೆವು.

ಗೂಡಿನಿಂದ ಪೂರ್ವಕ್ಕೆ 6 ಮೀಟರ್ ಅಳೆದು ತಿನಿಸು ಇಟ್ಟೆವು. ಬೆಲ್ಲ ಇಟ್ಟರೆ ಇರುವೆ ಅಲ್ಲೇ ಹೀರುತ್ತಾ ನಿಂತುಬಿಡುತ್ತದೆ. ಒಣ ಬಿಸ್ಕತ್ತಿನ ಚೂರಾದರೆ ಕಚ್ಚಿಕೊಂಡು ಹೊರಡುತ್ತದೆ. ನಮಗೆ ಬೇಕಾದದ್ದು ಆ ಗಳಿಗೆ. ಬಾಯಲ್ಲಿ ತಿನಿಸು ಇದ್ದಾಗ ಮಾತ್ರ ಅದಕ್ಕೆ ಮನೆಯದೇ ಧ್ಯಾನ. ಹೊರಡುವ ಮೊದಲೇ ಹೋಮಿಯೋಪತಿ ಗುಳಿಗೆಯ ಖಾಲಿ ಬಾಟಲಿಯೊಳಗೆ ಹತ್ತಿಸಿಕೊಂಡು, ಕಪ್ಪು ಬಟ್ಟೆ ಸುತ್ತಿ, ಬಯಲಿನ ಇನ್ನೊಂದು ತುದಿಗೆ ಒಯ್ದು ಬಿಟ್ಟೆವು.

ಒಂದು ಕ್ಷಣ ನಿಂತಿತು. ಮೀಸೆ ಆಡಿಸಿತು. ಸುತ್ತ ತಿರುಗಿ ಪಶ್ಚಿಮಕ್ಕೆ ಓಡಿತು. ಗೂಡು ಇದ್ದದ್ದು ಬೇರೆ ಕಡೆ, ಆದರೆ ತಿನಿಸಿನಿಂದ ಗೂಡಿಗೆ ಹೋಗಬೇಕಿದ್ದ ದಿಕ್ಕು ಅದೇ ಅಲ್ವಾ! ಹಿಂದೆ ಸ್ವಲ್ಪ ದೂರದಲ್ಲಿ ಒಬ್ಬ ಹುಡುಗಿ ಸುಣ್ಣದ ಪುಡಿ ಚಿಟಿಕೆ ಚಿಟಿಕೆ ಹಾಕುತ್ತಾ ನಡೆದಳು. ನೆರಳು ಅದರ ಮೇಲೆ ಬೀಳಬಾರದು, ಅದೊಂದೇ ಎಚ್ಚರ. ಹೆಚ್ಚುಕಡಿಮೆ 6 ಮೀಟರ್ ಆಗುತ್ತಲೇ ವೇಗ ಇಳಿಯಿತು. ಬಿಸ್ಕತ್ತು ಬಿಡದೆ ಸಣ್ಣ ಸುತ್ತು ಹಾಕಿತು, ಮತ್ತೆ ಅದೇ ಜಾಗಕ್ಕೆ ಬಂತು, ಇನ್ನೂ ದೊಡ್ಡ ಸುತ್ತು ಹಾಕಿತು.

"ಸರ, ಅದಕ್ಕ ಮನಿ ಸಿಗವಲ್ದು" ಅಂದ ಒಬ್ಬ ಹುಡುಗ, ದನಿ ಸಣ್ಣದು ಮಾಡಿ.

ಸುಣ್ಣದ ಚುಕ್ಕಿ ನೋಡಿದರೆ ಅದು ಸುಮ್ನೆ ಗಾಬರಿಯಲ್ಲಿ ಅಲೆದದ್ದಲ್ಲ ಅಂತ ತಿಳಿಯುತ್ತದೆ. ಗೂಡು ಇರಬೇಕಾದ ಜಾಗವನ್ನೇ ನಡುವೆ ಇಟ್ಟುಕೊಂಡು ಹುಡುಕಿದೆ. ಕ್ಯಾಟಗ್ಲಿಫಿಸ್‌ನ ಈ ಹುಡುಕಾಟವನ್ನು 1981ರಲ್ಲಿ ಲೆಕ್ಕಹಾಕಿ ಬರೆದವರು ರೂಡಿಗರ್ ವೇನರ್ ಮತ್ತು ಮಂಡ್ಯಂ ಶ್ರೀನಿವಾಸನ್. ಶ್ರೀನಿವಾಸನ್ ನಮ್ಮ ಬೆಂಗಳೂರಿನಲ್ಲೇ ಓದಿದವರು ಅಂದಾಗ ಮಕ್ಕಳ ಮುಖ ಅರಳಿತು.

ದೂರ ಹೇಗೆ ಗೊತ್ತು? ಹೆಜ್ಜೆ ಎಣಿಕೆಯಿಂದ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗೂಡಿನಿಂದ 10 ಮೀಟರ್ ದೂರ ಬಂದ ಇರುವೆಗಳ ಕಾಲಿಗೆ ಹಂದಿಕೂದಲು ಅಂಟಿಸಿ ಉದ್ದ ಮಾಡಿದರು. ಅವು 10 ಮೀಟರಿಗೆ ನಿಲ್ಲದೆ ಒಟ್ಟು ಸುಮಾರು 15 ಮೀಟರ್ ಓಡಿದವು. ಕಾಲು ಮೊಟಕು ಮಾಡಿದವು ಅರ್ಧದಾರಿ ದಾಟುತ್ತಲೇ ಹುಡುಕತೊಡಗಿದವು. ಇದನ್ನು ಮಕ್ಕಳಿಗೆ ಹೇಳುತ್ತೇನೆ, ಮಾಡಿಸುವುದಿಲ್ಲ. ಗೊತ್ತಾಗಿರುವ ವಿಷಯಕ್ಕೆ ಇನ್ನೊಂದು ಇರುವೆಯ ಕಾಲು ಕತ್ತರಿಸುವುದು ಬೇಡ.

ದಿಕ್ಕಿನ ವಿಷಯವನ್ನು ನಾವೇ ನೋಡಬಹುದು. ಟುನೀಷಿಯಾದ ಕೈರುವಾನ್‌ನಲ್ಲಿದ್ದ ಡಾಕ್ಟರ್ ಫೆಲಿಕ್ಸ್ ಸಾಂಟ್ಷಿ, 1911ರಲ್ಲಿ ಬರೆದಂತೆ, ಇರುವೆಗೆ ಸೂರ್ಯ ಕಾಣದಂತೆ ಮರೆಮಾಡಿ ಇನ್ನೊಂದು ಬದಿಯಿಂದ ಕನ್ನಡಿಯಲ್ಲಿ ಸೂರ್ಯನನ್ನು ತೋರಿಸಿದರು. ಇರುವೆ ತಿರುಗಿಬಿಟ್ಟಿತು. ನಾವು ಬರೀ ರಟ್ಟು ಹಿಡಿದೆವು. ಸೂರ್ಯ ಮರೆಯಾದರೂ ನಮ್ಮ ಇರುವೆ ದಾರಿ ಬಿಡಲಿಲ್ಲ, ಏಕೆಂದರೆ ಮೇಲೆ ನೀಲಿ ಆಕಾಶ ತೆರೆದೇ ಇತ್ತು. ಆಕಾಶದ ಬೆಳಕು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಧ್ರುವೀಕರಣವಾಗಿರುತ್ತದೆ, ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಅಲುಗುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯದು, ಇರುವೆ ಕಣ್ಣಿನ ಮೇಲಂಚಿಗೆ ತಿಳಿಯುತ್ತದೆ. ದೊಡ್ಡ ಕಪ್ಪು ಕೊಡೆ ತಲೆ ಮೇಲೆ ಹಿಡಿದಾಗ ಮಾತ್ರ ತಡವರಿಸಿತು.

ಮಾಡಿ ನೋಡುವವರು ಬೆಳಿಗ್ಗೆ 8ರೊಳಗೆ ಮುಗಿಸಿ. ಬಿಸಿಲೇರಿದರೆ ಇರುವೆಗೂ ಮಕ್ಕಳಿಗೂ ಕಷ್ಟ. ಗೆರೆ ಅಳೆದಾದ ಮೇಲೆ ಅದೇ ಬಾಟಲಿಯಲ್ಲಿ ಇರುವೆಯನ್ನು ಗೂಡಿನ ಬಾಯಿಗೆ ತಂದು ಬಿಡಿ. ಬಿಸ್ಕತ್ತು ಕಿತ್ತುಕೊಳ್ಳಬೇಡಿ.